ಮೊದಲು ರಿಮ್ ಅಳೆಯಿರಿ, ಆಮೇಲೆ ಟೈರ್ ಕೊಳ್ಳಿ

ರೋಡ್ ಬೈಕಿನ, ಅಂದರೆ ತೆಳು ಟೈರಿನ ವೇಗದ ಸೈಕಲ್ಲಿನ, ಟೈರ್ ಸವೆದಾಗ ಬಹುತೇಕ ಮಂದಿ ಹಳೆಯ ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಅಂಕಿ ನೋಡಿ ಅದೇ ಸೈಜಿನ ಹೊಸದನ್ನು ತರಿಸಿಕೊಳ್ಳುತ್ತಾರೆ. 23 ಇದ್ದರೆ ಮತ್ತೆ 23, 25 ಇದ್ದರೆ ಮತ್ತೆ 25. ಈ ಅಂಕಿ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಇನ್ನು ಕೆಲವರು ‘ಈಗೆಲ್ಲ ಅಗಲ ಟೈರೇ ಒಳ್ಳೇದಂತೆ’ ಎಂಬ ಮಾತು ಕೇಳಿ ಒಮ್ಮೆಲೇ 32 ತರಿಸುತ್ತಾರೆ. ಅದು ಬ್ರೇಕಿನ ಅಡಿ ತೂರುವುದೇ ಇಲ್ಲ. ಎರಡೂ ಗುಂಪಿನವರು ಬಿಟ್ಟಿರುವುದು ಒಂದೇ ಹೆಜ್ಜೆಯನ್ನು. ಟೈರಿನ ಆಯ್ಕೆ ರಿಮ್ಮಿನ ಒಳ ಅಗಲದಿಂದ ಶುರುವಾಗಬೇಕು. ಅದಾದ ಮೇಲೆ ಫ್ರೇಮಿನಲ್ಲಿ ಎಷ್ಟು ಜಾಗವಿದೆ ಎಂದು ನೋಡಬೇಕು. ಟೈರ್ ಕಂಪನಿ, ಬಣ್ಣ, ಬೆಲೆ ಎಲ್ಲ ಆಮೇಲಿನ ಮಾತು.

ಒಂದು ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ರಸ್ತೆಗಳಿಗೆ, ರಿಮ್ಮು ಮತ್ತು ಫ್ರೇಮು ಒಪ್ಪುವಷ್ಟರ ಮಟ್ಟಿಗೆ, ಅಗಲವಾದ ಟೈರೇ ಸರಿ. ಇದಕ್ಕೆ ಕಾರಣ ಬರೀ ಕುಂಡಿ ನೋವಲ್ಲ.

ಅಗಲವಾದರೆ ನಿಧಾನವೇ?

ತೊಂಬತ್ತರ ದಶಕದಲ್ಲಿ ರೇಸ್ ಸೈಕಲ್ ಎಂದರೆ 20ರಿಂದ 23 ಮಿ.ಮೀ. ಟೈರು, ಅದರಲ್ಲಿ 110–120 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿ. ಪ್ರಯೋಗಾಲಯದಲ್ಲಿ ನುಣುಪಾದ ಉಕ್ಕಿನ ಉರುಳೆಯ ಮೇಲೆ ಟೈರ್ ತಿರುಗಿಸಿ ನೋಡಿದಾಗ ಒತ್ತಡ ಏರಿದಂತೆಲ್ಲ ಉರುಳುವಾಗಿನ ನಷ್ಟ ಇಳಿಯುತ್ತಿತ್ತು. ಟೈರ್ ಎಷ್ಟು ಗಟ್ಟಿಯೋ ಅಷ್ಟು ವೇಗ ಎಂಬ ನಂಬಿಕೆ ಬೇರೂರಿದ್ದು ಇಂಥ ಪರೀಕ್ಷೆಗಳಿಂದಲೇ. ರಸ್ತೆ ಉಕ್ಕಿನ ಉರುಳೆಯಷ್ಟು ನುಣುಪಾಗಿರುವುದಿಲ್ಲ. ಜಲ್ಲಿ ಎದ್ದ ಡಾಂಬರಿನ ಮೇಲೆ ಗಟ್ಟಿ ಟೈರು ಪ್ರತಿ ಉಬ್ಬಿಗೂ ಸೈಕಲ್ಲನ್ನೂ ಸವಾರರನ್ನೂ ಮೇಲಕ್ಕೆತ್ತಿ ಕೆಡವುತ್ತದೆ. ಮುಂದಕ್ಕೆ ಹೋಗಲು ಬಳಕೆಯಾಗಬೇಕಿದ್ದ ಶಕ್ತಿ ಮೈ ನಡುಗಿಸುವುದಕ್ಕೆ ಖರ್ಚಾಗುತ್ತದೆ. ಟೂರ್ ದ ಫ್ರಾನ್ಸ್‌ನ ವೃತ್ತಿಪರ ಸವಾರರು 23ರಿಂದ 25ಕ್ಕೆ, ಅಲ್ಲಿಂದ 28ಕ್ಕೆ ಬಂದರು. ಈಗ ಹಲವರು 30ರಲ್ಲಿದ್ದಾರೆ. ಸೆಕೆಂಡುಗಳಿಗಾಗಿ ಹೊಡೆದಾಡುವವರು ಸುಮ್ಮನೆ ಅಗಲ ಮಾಡಿಕೊಂಡಿರುವುದಿಲ್ಲ.

ಇದರ ಹಿಂದಿನ ಲೆಕ್ಕ ತುಂಬ ಸರಳ. ಹಿಂದಿನ ಚಕ್ರದ ಮೇಲೆ 45 ಕೆ.ಜಿ. ಭಾರವಿದೆ, ಟೈರಿನಲ್ಲಿ 80 ಪಿಎಸ್‌ಐ ಗಾಳಿಯಿದೆ ಎಂದುಕೊಳ್ಳಿ. 80 ಪಿಎಸ್‌ಐ ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 5.6 ಕೆ.ಜಿ. ಹಾಗಾಗಿ ಟೈರು ನೆಲಕ್ಕೆ ಅಂಟುವ ಜಾಗ ಹೆಚ್ಚುಕಡಿಮೆ 8 ಚದರ ಸೆಂ.ಮೀ. ಆಗುತ್ತದೆ. ಟೈರು 25 ಆಗಲಿ 32 ಆಗಲಿ, ಒತ್ತಡ ಅದೇ ಇದ್ದರೆ ಆ ಜಾಗವೂ ಅಷ್ಟೇ. ಬದಲಾಗುವುದು ಅದರ ಆಕಾರ. ಕಿರಿದಾದ ಟೈರಿನಲ್ಲಿ ಆ ತುಣುಕು ಉದ್ದಕ್ಕಿರುತ್ತದೆ, ಅಗಲ ಟೈರಿನಲ್ಲಿ ಗಿಡ್ಡಕ್ಕೆ, ಅಡ್ಡಕ್ಕಿರುತ್ತದೆ. ಉದ್ದಕ್ಕಿದ್ದಾಗ ಟೈರಿನ ಪಕ್ಕಗಳು ಪ್ರತಿ ಸುತ್ತಿನಲ್ಲೂ ಹೆಚ್ಚು ಬಾಗುತ್ತವೆ, ಬಾಗಿದಷ್ಟೂ ಶಕ್ತಿ ಸೋರುತ್ತದೆ. ಅಂದಮೇಲೆ ಒಂದೇ ಒತ್ತಡದಲ್ಲಿ ಅಗಲ ಟೈರೇ ಸಲೀಸಾಗಿ ಉರುಳುತ್ತದೆ. ನಾವು ಅದರಲ್ಲಿ ಒತ್ತಡವನ್ನು ಇಳಿಸುತ್ತೇವಾದ್ದರಿಂದ ಆ ಲಾಭದಲ್ಲಿ ಸ್ವಲ್ಪ ಕಳೆದುಕೊಂಡು, ಬದಲಿಗೆ ಹಿಡಿತ ಮತ್ತು ನೆಮ್ಮದಿಯನ್ನು ಪಡೆಯುತ್ತೇವೆ. ವೆಲೊಡ್ರೋಮ್‌ನ ನುಣುಪು ಟ್ರ್ಯಾಕಿನಲ್ಲಿ ಓಡಿಸುವವರ ಲೆಕ್ಕ ಬೇರೆ. ಅವರಿಗೆ ಕಿರಿದಾದ, ಗಟ್ಟಿಯಾದ ಟೈರೇ ಸರಿ.

ಹೆಜ್ಜೆ 1: ರಿಮ್ಮಿನ ಒಳ ಅಗಲ ಪತ್ತೆಮಾಡಿ

ರಿಮ್ಮಿನ ಮೇಲೆ ಅಂಟಿಸಿರುವ ಸ್ಟಿಕ್ಕರ್ ಅಥವಾ ಕೆತ್ತಿರುವ ಬರಹ ಹುಡುಕಿ. ‘622×19ಸಿ’ ಎಂಬಂಥದ್ದು ಎಲ್ಲೋ ಒಂದು ಕಡೆ ಇರುತ್ತದೆ. 622 ಎಂಬುದು ಟೈರಿನ ಅಂಚು ಕೂರುವ ಜಾಗದ ವ್ಯಾಸ, ಮಿಲಿಮೀಟರಿನಲ್ಲಿ. 19 ಎಂಬುದು ಒಳ ಅಗಲ, ಅಂದರೆ ರಿಮ್ಮಿನ ಎರಡು ಗೋಡೆಗಳ ತುದಿಯಲ್ಲಿರುವ ಕೊಕ್ಕೆಗಳ ನಡುವಿನ ಅಂತರ. ನಮಗೆ ಬೇಕಾದ್ದು ಇದೇ.

ಸ್ಟಿಕ್ಕರ್ ಕಿತ್ತುಹೋಗಿದ್ದರೆ ಅಳೆದು ನೋಡಬೇಕು. ಗಾಳಿ ಪೂರ್ತಿ ಇಳಿಸಿ, ಟೈರಿನ ಒಂದು ಬದಿಯ ಅಂಚನ್ನು ಲಿವರ್‌ನಿಂದ ಹೊರಗೆಳೆದು, ಟ್ಯೂಬ್ ಪಕ್ಕಕ್ಕೆ ಸರಿಸಿ. ವರ್ನಿಯರ್ ಕ್ಯಾಲಿಪರ್‌ನ ಮೇಲುಗಡೆ ಎರಡು ಸಣ್ಣ ದವಡೆಗಳಿರುತ್ತವೆ. ಒಳ ಅಳತೆ ತೆಗೆಯುವುದು ಅವುಗಳಿಂದಲೇ. ಅವನ್ನು ಕೊಕ್ಕೆಗಳ ನಡುವೆ ಇಟ್ಟು, ಎರಡೂ ತುದಿ ತಾಗುವವರೆಗೆ ಅಗಲಿಸಿ. ಕೊಕ್ಕೆಯ ಕೆಳಗಿನ ಗುಳಿಗೆ ದವಡೆ ಇಳಿದರೆ ಒಂದೆರಡು ಮಿ.ಮೀ. ಹೆಚ್ಚು ತೋರಿಸುತ್ತದೆ, ಹಾಗಾಗಿ ಕೊಕ್ಕೆಯ ತುದಿಗೇ ಹಿಡಿಯಿರಿ. ಮೂರು ನಾಲ್ಕು ಕಡೆ ಅಳೆದರೆ ಅನುಮಾನ ಉಳಿಯುವುದಿಲ್ಲ. ಹೊರಗಿನಿಂದ ಅಳೆದು ಅದನ್ನೇ ಒಳ ಅಗಲ ಎಂದುಕೊಳ್ಳುವವರು ಬಹಳ. ಸಾಮಾನ್ಯ ಅಲಾಯ್ ರಿಮ್ಮಿನಲ್ಲಿ ಹೊರ ಅಗಲಕ್ಕೂ ಒಳ ಅಗಲಕ್ಕೂ 5–6 ಮಿ.ಮೀ. ವ್ಯತ್ಯಾಸವಿರುತ್ತದೆ. ಡಿಟಿ ಸ್ವಿಸ್ ಆರ್460 ರಿಮ್ಮಿನ ಹೊರ ಅಗಲ 23, ಒಳ ಅಗಲ 18.

ಕಾಲಕ್ಕೆ ತಕ್ಕಂತೆ ಈ ಅಂಕಿ ಬೆಳೆಯುತ್ತಲೇ ಬಂದಿದೆ. ಹಳೆಯ ರೇಸ್ ರಿಮ್ಮುಗಳು 13 ಇಲ್ಲವೇ 15. ಆಮೇಲೆ 17 ಬಂತು, ನಂತರ 19. ಈಗಿನ ಡಿಸ್ಕ್ ಬ್ರೇಕ್ ಸೈಕಲ್ಲುಗಳಲ್ಲಿ 19ರಿಂದ 21, ದುಬಾರಿ ಕಾರ್ಬನ್ ಚಕ್ರಗಳಲ್ಲಿ 23, 25 ಕೂಡ. ಸೆಕೆಂಡ್ ಹ್ಯಾಂಡ್ ಸೈಕಲ್ ಕೊಳ್ಳುವವರು ವರ್ಷ ನೋಡಿ ಊಹಿಸಬೇಡಿ, ಅಳೆದೇ ನೋಡಿ. ಹಿಂದಿನ ಮಾಲೀಕರು ಚಕ್ರ ಬದಲಿಸಿರಬಹುದು.

ಇಲ್ಲಿ ನಮ್ಮ ಅಂಗಡಿಗಳಲ್ಲಿ ಆಗುವ ಒಂದು ಎಡವಟ್ಟನ್ನು ಹೇಳಲೇಬೇಕು. ಊರಿನ ಸೈಕಲ್ ಅಂಗಡಿಗೆ ಹೋಗಿ ‘28ರ ಟೈರ್ ಕೊಡಿ’ ಎಂದರೆ ಕೈಗೆ ಬರುವುದು ದೊಡ್ಡ ಕರಿ ಸೈಕಲ್ಲಿನ 28×1½ ಇಂಚಿನ ಟೈರು. ಹಾಲಿನ ಕ್ಯಾನು, ಹುಲ್ಲಿನ ಹೊರೆ ಹೊತ್ತ ಆ ಸೈಕಲ್ಲುಗಳ ರಿಮ್ಮಿನ ವ್ಯಾಸ 635 ಮಿ.ಮೀ. ರೋಡ್ ಬೈಕಿನದು 622. ಹದಿಮೂರು ಮಿ.ಮೀ. ವ್ಯತ್ಯಾಸದಲ್ಲಿ ಒಂದರ ಟೈರು ಇನ್ನೊಂದಕ್ಕೆ ಕೂರುವ ಮಾತೇ ಇಲ್ಲ. ಆದ್ದರಿಂದ ಕೇಳುವಾಗ ‘28-622’ ಎಂದೇ ಕೇಳಿ. ಮೊದಲನೆಯದು ಅಗಲ, ಎರಡನೆಯದು ವ್ಯಾಸ. ಟೈರಿನ ಪಕ್ಕದಲ್ಲೂ 700×28ಸಿ ಎಂಬುದರ ಹತ್ತಿರವೇ ಸಣ್ಣಕ್ಷರದಲ್ಲಿ ಹೀಗೆ ಅಚ್ಚಾಗಿರುತ್ತದೆ. ಇಂಚಿನ ಲೆಕ್ಕಕ್ಕಿಂತ ಈ ಬರಹವನ್ನೇ ನಂಬಿ.

ಹೆಜ್ಜೆ 2: ಒಂದೂವರೆ ಪಟ್ಟಿನ ಲೆಕ್ಕ

ರಿಮ್ಮಿನ ಒಳ ಅಗಲವನ್ನು ಒಂದೂವರೆಯಿಂದ ಗುಣಿಸಿ. ಬರುವ ಉತ್ತರ ನಿಮ್ಮ ಹುಡುಕಾಟಕ್ಕೆ ಒಳ್ಳೆಯ ಆರಂಭ. 17ಕ್ಕೆ 25.5, 19ಕ್ಕೆ 28.5, 21ಕ್ಕೆ 31.5. ಇದು ಆರಂಭವಷ್ಟೇ, ಆಚೀಚೆ ಹೋಗಲು ಜಾಗವಿದೆ. 15ರ ರಿಮ್ಮಿಗೆ 23ರಿಂದ 28 ಆರಾಮ. 17ಕ್ಕೆ 25ರಿಂದ 32. 19ಕ್ಕೆ 28 ಹೇಳಿ ಮಾಡಿಸಿದ್ದು, 35ರವರೆಗೂ ತೊಂದರೆಯಿಲ್ಲ. 21ಕ್ಕೆ 28ರಿಂದ ಶುರು, ನನ್ನ ಆಯ್ಕೆ 30–32. ಚಕ್ರದ ಕಂಪನಿ ತಾನೇ ಒಂದು ಮಿತಿ ಕೊಟ್ಟಿದ್ದರೆ ಈ ಲೆಕ್ಕಗಳನ್ನೆಲ್ಲ ಬದಿಗಿಟ್ಟು ಅದನ್ನೇ ಪಾಲಿಸಿ.

ಮಿತಿ ಮೀರಿದರೆ ಏನಾಗುತ್ತದೆ? ಕಿರಿದಾದ ರಿಮ್ಮಿಗೆ ತೀರಾ ಅಗಲದ ಟೈರು ಹಾಕಿದರೆ ಅದು ವಿದ್ಯುತ್ ಬಲ್ಬಿನಂತೆ ಬುಡದಲ್ಲಿ ಸಣ್ಣಗೆ, ಮೇಲೆ ಉಬ್ಬಿಕೊಂಡು ಕೂರುತ್ತದೆ. ನೇರ ರಸ್ತೆಯಲ್ಲಿ ಗೊತ್ತಾಗುವುದಿಲ್ಲ. ಘಾಟಿ ಇಳಿಯುವಾಗ ತಿರುವಿನಲ್ಲಿ ವಾಲಿಸಿದರೆ ಟೈರು ರಿಮ್ಮಿನ ಮೇಲೆ ಪಕ್ಕಕ್ಕೆ ತೊನೆದಾಡುತ್ತದೆ, ಹ್ಯಾಂಡಲ್ ತಿರುಗಿಸಿದ್ದಕ್ಕೂ ಸೈಕಲ್ ತಿರುಗುವುದಕ್ಕೂ ನಡುವೆ ಒಂದು ಕ್ಷಣದ ತಡ ಅನುಭವಕ್ಕೆ ಬರುತ್ತದೆ. ಒತ್ತಡ ಇಳಿದಷ್ಟೂ ಇದು ಜಾಸ್ತಿ. ಇದರ ವಿರುದ್ಧದ ತಪ್ಪು, ಅಗಲ ರಿಮ್ಮಿಗೆ ಕಿರಿದಾದ ಟೈರು ಹಾಕುವುದು. ಆಗ ಟೈರಿನ ಪಕ್ಕಗಳು ನೆಟ್ಟಗೆ ನಿಂತು, ಮೇಲ್ಭಾಗ ಚಪ್ಪಟೆಯಾಗುತ್ತದೆ. ಗುಂಡಿಗೆ ಇಳಿದಾಗ ರಿಮ್ಮಿನ ಅಂಚಿಗೆ ರಕ್ಷಣೆಯೇ ಇರುವುದಿಲ್ಲ. ಟೈರಿನ ಅಂಚು ರಿಮ್ಮನ್ನು ಸರಿಯಾಗಿ ಕಚ್ಚಿಕೊಳ್ಳುವುದೂ ಕಷ್ಟ.

ಈ ಎರಡನೆಯ ತಪ್ಪು ಎಷ್ಟು ಗಂಭೀರ ಎಂಬ ಚರ್ಚೆ ಜೋರಾಗಿದ್ದು 2024ರ ಫೆಬ್ರವರಿಯಲ್ಲಿ. ಯುಎಇ ಟೂರ್ ರೇಸಿನಲ್ಲಿ ಬೆಲ್ಜಿಯಂನ ಥಾಮಸ್ ಡಿ ಗೆಂಟ್ ಬಿದ್ದಾಗ ಅವರ ಟೈರು ರಿಮ್ಮಿನಿಂದ ಕಳಚಿಕೊಂಡಿತ್ತು. ಅವರದು ಕೊಕ್ಕೆಯಿಲ್ಲದ ರಿಮ್ಮು, ಒಳ ಅಗಲ 25, ಟೈರು 28. ಯುರೋಪಿನ ಟೈರ್–ರಿಮ್ ಮಾನದಂಡ ಸಂಸ್ಥೆ ಇಟಿಆರ್‌ಟಿಒ ಅಷ್ಟು ಅಗಲದ ರಿಮ್ಮಿಗೆ ಕನಿಷ್ಠ 29ರ ಟೈರು ಇರಬೇಕು ಎನ್ನುತ್ತದೆ. ಅವರು ಬಿದ್ದದ್ದಕ್ಕೆ ಆ ಒಂದು ಮಿಲಿಮೀಟರೇ ಕಾರಣ ಎಂದು ಹೇಳಲಾಗದು. ಆದರೆ ಒಂದು ಮಿಲಿಮೀಟರಿನ ಬಗ್ಗೆ ಜಗತ್ತಿನ ಅತ್ಯುತ್ತಮ ತಂಡಗಳು ತಲೆಕೆಡಿಸಿಕೊಂಡವು ಎಂಬುದು ನಮಗೂ ಲೆಕ್ಕಕ್ಕೆ ಬರಬೇಕು.

ನಿಮ್ಮ ರಿಮ್ಮು ಕೊಕ್ಕೆಯಿಲ್ಲದ್ದಾದರೆ, ಅಂದರೆ ‘ಹುಕ್‌ಲೆಸ್’ ಆದರೆ, ಮೂರು ಕಟ್ಟುನಿಟ್ಟು. ಟ್ಯೂಬ್ ಹಾಕಿಯೇ ಓಡಿಸಿದರೂ ಟೈರು ಮಾತ್ರ ಟ್ಯೂಬ್‌ಲೆಸ್ ಜಾತಿಯದೇ ಆಗಿರಬೇಕು. ಅದು ಹುಕ್‌ಲೆಸ್ ರಿಮ್ಮಿಗೆ ಆಗುತ್ತದೆ ಎಂದು ಕಂಪನಿ ಹೇಳಿರಬೇಕು. ಗಾಳಿ 5 ಬಾರ್ ದಾಟಕೂಡದು, ಅಂದರೆ 72 ಪಿಎಸ್‌ಐ. ಬೆರಳನ್ನು ರಿಮ್ಮಿನ ಒಳಗೋಡೆಯ ಮೇಲೆ ಆಡಿಸಿ ನೋಡಿದರೆ ಕೊಕ್ಕೆ ಇದೆಯೋ ಇಲ್ಲವೋ ತಿಳಿಯುತ್ತದೆ. ಕೊಕ್ಕೆಯಿದ್ದರೆ ಬೆರಳಿಗೆ ಅಂಚು ಸಿಕ್ಕುತ್ತದೆ, ಇಲ್ಲದಿದ್ದರೆ ಗೋಡೆ ನೇರವಾಗಿ ಜಾರುತ್ತದೆ.

ಹೆಜ್ಜೆ 3: ಫ್ರೇಮಿನ ಸಂದು ನೋಡಿ

ರಿಮ್ಮು 35ರವರೆಗೆ ಒಪ್ಪಿದರೂ ಫ್ರೇಮು 28ಕ್ಕೇ ಸಾಕೆನ್ನಬಹುದು. ವರ್ನಿಯರ್ ಕ್ಯಾಲಿಪರ್ ಇಲ್ಲದೆಯೇ ಇದನ್ನು ಪರೀಕ್ಷಿಸುವ ಸುಲಭ ಉಪಾಯವಿದೆ: 4 ಮಿ.ಮೀ. ಅಲೆನ್ ಕೀ. ಈಗಿರುವ ಟೈರಿಗೆ ನೀವು ಓಡಿಸುವಷ್ಟೇ ಗಾಳಿ ತುಂಬಿ, ಚಕ್ರವನ್ನು ಸರಿಯಾಗಿ ಕೂರಿಸಿ, ಕೀಯನ್ನು ಟೈರಿಗೂ ಫ್ರೇಮಿಗೂ ನಡುವೆ ತೂರಿಸಿ. ಪೆಡಲಿನ ಹಿಂದೆ ಚೈನ್‌ಸ್ಟೇಗಳ (ಪೆಡಲಿನ ಕಡೆಯಿಂದ ಹಿಂದಿನ ಚಕ್ರಕ್ಕೆ ಹೋಗುವ ಕೊಳವೆಗಳು) ನಡುವೆ, ಸೀಟ್‌ಸ್ಟೇಗಳ (ಸೀಟಿನ ಕಡೆಯಿಂದ ಹಿಂದಿನ ಚಕ್ರಕ್ಕೆ ಇಳಿಯುವ ಕೊಳವೆಗಳು) ಸೇತುವೆಯ ಅಡಿ, ಮುಂದಿನ ಫೋರ್ಕಿನ ಎರಡು ಕಾಲುಗಳ ಒಳಗೆ ಮತ್ತು ನೆತ್ತಿಯಲ್ಲಿ, ರಿಮ್ ಬ್ರೇಕ್ ಇದ್ದರೆ ಅದರ ಕ್ಯಾಲಿಪರ್‌ನ, ಅಂದರೆ ಬ್ರೇಕಿನ ಇಕ್ಕಳದ, ಕೆಳಗೆ, ಹೀಗೆ ಎಲ್ಲ ಕಡೆ ನೋಡಿ. ಹೊಸ ಟೈರು ಹಾಕಿದ ಮೇಲೂ ಈ 4 ಮಿ.ಮೀ. ಉಳಿಯಬೇಕು. 25ರಿಂದ 28ಕ್ಕೆ ಹೋದರೆ ಎರಡೂ ಪಕ್ಕಕ್ಕೆ ಒಂದೂವರೆ ಮಿ.ಮೀ., ಎತ್ತರಕ್ಕೆ ಮೂರು ಮಿ.ಮೀ. ಕಡಿಮೆಯಾಗುತ್ತದೆ. ಹಾಗಾಗಿ ಈಗ ಪಕ್ಕದಲ್ಲಿ 6, ಮೇಲ್ಗಡೆ 7 ಮಿ.ಮೀ. ಸಂದಿದ್ದರೆ ಧೈರ್ಯವಾಗಿ 28ಕ್ಕೆ ಹೋಗಿ.

ತೂರಿತಲ್ಲ, ಸಾಕು ಎನ್ನಬೇಡಿ. ಎದ್ದು ನಿಂತು ಏರು ತುಳಿಯುವಾಗ ಚಕ್ರ ಪಕ್ಕಕ್ಕೆ ಬಾಗುತ್ತದೆ. ಒಂದು ಕಡ್ಡಿ ಸಡಿಲವಾದರೂ ಚಕ್ರ ವಾಲಾಡುತ್ತದೆ. ಹೊಸದಾಗಿ ಡಾಂಬರು ಹಾಕಿದ ರಸ್ತೆಯಲ್ಲಿ ಟಾರು ಮೆತ್ತಿದ ಜಲ್ಲಿ ಚೂರುಗಳು ಟೈರಿಗಂಟಿ ಸುತ್ತುತ್ತವೆ. ಸಂದು ಕಡಿಮೆಯಿದ್ದರೆ ಅವೇ ಚೂರುಗಳು ಚೈನ್‌ಸ್ಟೇಯ ಒಳಮೈಯನ್ನು ಕೆರೆಯುತ್ತವೆ. ಪೇಂಟ್ ಹೋದರೆ ಹೋಗಲಿ, ಕಾರ್ಬನ್ ಫ್ರೇಮಿನಲ್ಲಿ ನಾರೇ ಸವೆದುಹೋಗುತ್ತದೆ.

ರಿಮ್ ಬ್ರೇಕಿನ ಸೈಕಲ್ಲುಗಳಿಗೆ ಕಟ್ಟು ಬೀಳುವುದು ಹೆಚ್ಚಾಗಿ ಬ್ರೇಕಿನಿಂದಲೇ. ಹಳೆಯ ಕ್ಯಾಲಿಪರ್‌ಗಳು 25ಕ್ಕೆ ಮುಗಿಸುತ್ತವೆ, ಶಿಮಾನೊ 105 ಆರ್7000ದಂಥವು 28ರವರೆಗೆ ಬಿಡುತ್ತವೆ. ಮಡ್‌ಗಾರ್ಡ್ ಹಾಕುವವರು ಅದಕ್ಕೂ ಜಾಗ ಲೆಕ್ಕ ಹಾಕಿಕೊಳ್ಳಬೇಕು. ಮುಂದೆ ಮಾತ್ರ ಜಾಗವಿದ್ದು ಹಿಂದೆ ಇಲ್ಲದಿದ್ದರೆ ಮುಂದಕ್ಕೆ 28, ಹಿಂದಕ್ಕೆ 25 ಹಾಕುವುದರಲ್ಲಿ ತಪ್ಪೇನಿಲ್ಲ. ಕೈಗೆ ಬರುವ ಅದುರು ಕಡಿಮೆಯಾಗುತ್ತದೆ, ತಿರುವಿನಲ್ಲಿ ಹಿಡಿತವೂ ಹೆಚ್ಚುತ್ತದೆ.

ಹೆಜ್ಜೆ 4: ಟೈರಿನ ಮೇಲಿನ ಅಂಕಿಯನ್ನು ಅನುಮಾನಿಸಿ

ಟೈರಿನ ಮೇಲೆ 25 ಎಂದಿದ್ದರೆ ಅದು ಒಂದು ನಿರ್ದಿಷ್ಟ ಅಗಲದ ರಿಮ್ಮಿನ ಮೇಲೆ ಕೂತಾಗ 25. ರಿಮ್ಮಿನ ಒಳ ಅಗಲ ಒಂದು ಮಿ.ಮೀ. ಹೆಚ್ಚಿದರೆ ಟೈರು ಸುಮಾರು 0.4 ಮಿ.ಮೀ. ಹಿಗ್ಗುತ್ತದೆ. 15ರ ರಿಮ್ಮನ್ನು ಲೆಕ್ಕಕ್ಕಿಟ್ಟು ಮಾಡಿದ 25ರ ಟೈರನ್ನು 19ರ ರಿಮ್ಮಿಗೆ ಹಾಕಿದರೆ ಅದು 26.6 ಆಗುತ್ತದೆ. ಕಾಂಟಿನೆಂಟಲ್‌ನ ಹಳೆಯ ಗ್ರ್ಯಾಂಡ್ ಪ್ರಿ 4000 ಎಸ್ 2 ಟೈರು ಇದಕ್ಕೆ ಹೆಸರುವಾಸಿ. ಹೆಸರಿಗೆ 25, ಅಗಲ ರಿಮ್ಮಿನ ಮೇಲೆ ಅಳೆದರೆ 27ರ ಆಸುಪಾಸು. ಈಚೆಗೆ ಮಾನದಂಡವೇ ಬದಲಾಗಿ, ಹೊಸ ಟೈರುಗಳನ್ನು ಅಗಲವಾದ ರಿಮ್ಮಿನ ಮೇಲೆ ಕೂರಿಸಿಯೇ ಅಳೆಯುತ್ತಾರೆ. ಹಾಗಾಗಿ ಹಳೆಯ 28ಕ್ಕೂ ಹೊಸ 28ಕ್ಕೂ ನಿಮ್ಮ ರಿಮ್ಮಿನ ಮೇಲೆ ಒಂದೇ ಅಳತೆ ಬರಲಿಕ್ಕಿಲ್ಲ. ಫ್ರೇಮಿನಲ್ಲಿ ಇಕ್ಕಟ್ಟು ಇರುವವರು ಇದನ್ನು ಮರೆಯಬಾರದು.

ಇದೇ ಅಳತೆ ಗಾಳಿಯ ಹರಿವಿಗೂ ಮುಖ್ಯ. ಎತ್ತರದ ರಿಮ್ಮಿನ ಕಾರ್ಬನ್ ಚಕ್ರ ಇಟ್ಟುಕೊಂಡು ಗಂಟೆಗೆ 35–40 ಕಿ.ಮೀ. ವೇಗದಲ್ಲಿ ಹೋಗುವವರಿಗೆ, ರಿಮ್ಮಿನ ಹೊರ ಅಗಲ ಟೈರಿನ ನಿಜ ಅಗಲಕ್ಕಿಂತ ಶೇ 5ರಷ್ಟಾದರೂ ಹೆಚ್ಚಿರಬೇಕು ಎಂಬ ಸೂತ್ರವೊಂದಿದೆ. ಉಳಿದವರು ಇದನ್ನು ಓದಿ ಮರೆತರೆ ನಷ್ಟವಿಲ್ಲ.

ಯಾರಿಗೆ ಎಷ್ಟು?

ವಿಜಯಪುರ, ಬಾಗಲಕೋಟೆ ಕಡೆಯ ಹುಡುಗ ಹುಡುಗಿಯರ ಹಾಗೆ ರೇಸಿಗೇ ಅಭ್ಯಾಸ ಮಾಡುವವರು 25 ಅಥವಾ 28 ನೋಡಲಿ. ಬೆಂಗಳೂರಿನ ಒಳಗೆ ಆಫೀಸಿಗೆ ಓಡಾಡಿ, ಭಾನುವಾರ ನಂದಿ ಬೆಟ್ಟ ಹತ್ತುವವರಿಗೆ 28ಕ್ಕಿಂತ ಕಡಿಮೆ ಬೇಡ. ಹಂಪು, ಮ್ಯಾನ್‌ಹೋಲ್ ಮುಚ್ಚಳ, ಅರ್ಧಕ್ಕೆ ಮುಚ್ಚಿದ ಕಾಲುವೆ ಇವೆಲ್ಲ ದಿನವೂ ಎದುರಾಗುವಂಥವು. ಬ್ರೆವೆ ಮಾಡುವವರಿಗೆ, ಅಂದರೆ ಗೊತ್ತುಪಡಿಸಿದ ಸಮಯದೊಳಗೆ 200, 300, 400, 600 ಕಿ.ಮೀ. ಮುಗಿಸುವ ಬಿಆರ್‌ಎಂ ಎಂಬ ದೂರದ ಸವಾರಿಗಳಿಗೆ ಹೋಗುವವರಿಗೆ, 30 ಅಥವಾ 32. ರಾತ್ರಿ ಎರಡು ಗಂಟೆಗೆ ಹೆದ್ದಾರಿ ಅಂಚಿನ ಗುಂಡಿ ಕಣ್ಣಿಗೆ ಬೀಳುವುದಿಲ್ಲ, ಟೈರೇ ಅದನ್ನು ನುಂಗಬೇಕು. ಮಲೆನಾಡಿನವರಿಗೆ, ಮಳೆಗಾಲದಲ್ಲಿ ಆಗುಂಬೆ, ಚಾರ್ಮಾಡಿ ಇಳಿಯುವವರಿಗೆ, ಫ್ರೇಮು ಬಿಟ್ಟರೆ 32ರಿಂದ 35. ತೂಕ 80 ಕೆ.ಜಿ. ದಾಟಿದವರು ಇವಕ್ಕಿಂತ ಒಂದು ಸೈಜು ಮೇಲೆ ಹೋಗಿ.

ಜಾಲಿ ಮುಳ್ಳಿಗೆ ಮಾತ್ರ ಅಗಲ ಮದ್ದಲ್ಲ. ಅದಕ್ಕೆ ಟೈರಿನೊಳಗೆ ಪಂಕ್ಚರ್ ತಡೆಯುವ ಪದರ ಇರಬೇಕು, ಇಲ್ಲವೇ ಟ್ಯೂಬ್‌ಲೆಸ್ ಮಾಡಿಸಿ ಸೀಲೆಂಟ್ (ತೂತು ಮುಚ್ಚುವ ದ್ರವ) ಸುರಿಯಬೇಕು. ಅಗಲ ಟೈರು ತಪ್ಪಿಸುವುದು ಗುಂಡಿಗೆ ಬಿದ್ದಾಗ ಟ್ಯೂಬು ರಿಮ್ಮಿಗೆ ಜಜ್ಜಿ ಜೋಡಿ ತೂತಾಗುವ ಪಂಕ್ಚರನ್ನು.

ಹೆಜ್ಜೆ 5: ಗಾಳಿ ಇಳಿಸಿ

ಅಗಲ ಟೈರು ಹಾಕಿ ಹಳೆಯ ಒತ್ತಡವನ್ನೇ ತುಂಬಿದರೆ ಖರ್ಚು ಮಾಡಿದ್ದಕ್ಕೆ ಅರ್ಥವೇ ಇಲ್ಲ. ಅಪಾಯ ಕೂಡ ಇದೆ. ಅದೇ ಒತ್ತಡದಲ್ಲಿ ಟೈರು ಅಗಲವಾದಷ್ಟೂ ಅದರ ಅಂಚು ರಿಮ್ಮಿನ ಗೋಡೆಯನ್ನು ಹೊರಕ್ಕೆಳೆಯುವ ಬಲ ಹೆಚ್ಚುತ್ತದೆ. 25ರಿಂದ 28ಕ್ಕೆ ಹೋದರೆ ಒಳಗಿನ ಗಾಳಿಯ ಜಾಗ ಸುಮಾರು ಕಾಲು ಭಾಗ ಹೆಚ್ಚುತ್ತದೆ, 32ಕ್ಕೆ ಹೋದರೆ ಶೇ 60ಕ್ಕೂ ಹೆಚ್ಚು. ಅಷ್ಟು ಗಾಳಿಯಿದ್ದಾಗ ಕಡಿಮೆ ಒತ್ತಡವೇ ನಿಮ್ಮ ತೂಕವನ್ನು ಹೊರುತ್ತದೆ.

70 ಕೆ.ಜಿ. ತೂಗುವವರು ಟ್ಯೂಬ್ ಇರುವ ಹಿಂದಿನ ಚಕ್ರಕ್ಕೆ 25ರ ಟೈರಾದರೆ 85–90, 28ಕ್ಕೆ 70–75, 32ಕ್ಕೆ 55–60 ಪಿಎಸ್‌ಐನಿಂದ ಆರಂಭಿಸಬಹುದು. ಮುಂದಿನ ಚಕ್ರಕ್ಕೆ ಭಾರ ಕಡಿಮೆ, ಐದಾರು ಪಿಎಸ್‌ಐ ಇಳಿಸಿ. ನಂತರ ಗೊತ್ತಿರುವ ಒಂದೇ ರಸ್ತೆಯಲ್ಲಿ ಎರಡೆರಡು ಪಿಎಸ್‌ಐ ಇಳಿಸುತ್ತ ಓಡಿಸಿ ನೋಡಿ. ತಿರುವಿನಲ್ಲಿ ಟೈರು ಮೆತ್ತಗೆ ಹೊರಳಿದಂತೆ ಅನಿಸಿದರೆ, ಅಥವಾ ಗುಂಡಿಯಲ್ಲಿ ರಿಮ್ಮು ಟಕ್ಕೆಂದು ತಾಗಿದರೆ, ತೀರಾ ಇಳಿಸಿದ್ದೀರಿ. ಅಲ್ಲಿಂದ ನಾಲ್ಕೈದು ಪಿಎಸ್‌ಐ ಏರಿಸಿ, ಆ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಹೆಬ್ಬೆರಳಲ್ಲಿ ಒತ್ತಿ ನೋಡಿದರೆ 60ಕ್ಕೂ 80ಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ, ಗೇಜ್ ಇರುವ ನೆಲದ ಪಂಪು ಮನೆಯಲ್ಲಿರಲಿ. ಟೈರಿನ ಮೇಲಿನ ಗರಿಷ್ಠ ಒತ್ತಡ, ರಿಮ್ಮಿನ ಗರಿಷ್ಠ ಒತ್ತಡ, ಇವೆರಡರಲ್ಲಿ ಯಾವುದು ಕಡಿಮೆಯೋ ಅದೇ ನಿಮ್ಮ ಗೆರೆ.

ಕೂರಿಸುವಾಗ

ಟ್ಯೂಬೂ ಅಗಲಕ್ಕೆ ಹೊಂದಬೇಕು. 18–25 ಎಂದು ಬರೆದ ಟ್ಯೂಬನ್ನು 32ರ ಟೈರಿನೊಳಗೆ ಹಾಕಿದರೆ ಅದು ಹಿಗ್ಗಿ ತೆಳುವಾಗುತ್ತದೆ, ಬೇಗ ತೂತಾಗುತ್ತದೆ. 25–32ರದ್ದು ಕೊಳ್ಳಿ. ರಿಮ್ ಟೇಪ್ ಕಡ್ಡಿಗಳ ತೂತುಗಳನ್ನು ಅಂಚಿನಿಂದ ಅಂಚಿಗೆ ಮುಚ್ಚಿರಬೇಕು.

ಗಾಳಿಯನ್ನು ಒಂದೇ ಸಲ ತುಂಬಬೇಡಿ. ಸ್ವಲ್ಪ ಹೊಡೆದು ನಿಲ್ಲಿಸಿ ಟೈರಿನ ಬುಡದಲ್ಲಿರುವ ಸಣ್ಣ ಗೆರೆಯನ್ನು ಗಮನಿಸಿ. ಅದು ರಿಮ್ಮಿನ ಅಂಚಿನ ಮೇಲೆ ಸುತ್ತಲೂ ಒಂದೇ ಎತ್ತರದಲ್ಲಿ ಕಾಣಬೇಕು. ಒಂದು ಕಡೆ ಮುಳುಗಿ ಇನ್ನೊಂದು ಕಡೆ ಎದ್ದಿದ್ದರೆ ಗಾಳಿ ಬಿಟ್ಟು, ಟೈರನ್ನು ಕೈಯಲ್ಲಿ ಅದುಮಿ ಸರಿಪಡಿಸಿ ಮತ್ತೆ ತುಂಬಿ. ಹೊಸ ಟೈರು ಒಂದೆರಡು ವಾರದಲ್ಲಿ ಕೊಂಚ ಹಿಗ್ಗುವುದರಿಂದ, ಇಕ್ಕಟ್ಟಾದ ಫ್ರೇಮಿನವರು ಆಮೇಲೊಮ್ಮೆ ಸಂದನ್ನು ಪರೀಕ್ಷಿಸಿ.

ಚಕ್ರದ ಸುತ್ತಿನಿಂದ ದೂರ ಲೆಕ್ಕಹಾಕುವ ಮೀಟರ್ ಇದ್ದರೆ ಅದನ್ನೂ ತಿದ್ದಬೇಕು. 25ರ ಟೈರಿನ ಸುತ್ತಳತೆ ಸುಮಾರು 2105 ಮಿ.ಮೀ., 28ರದ್ದು 2136. ಹಳೆಯ ಅಂಕಿಯನ್ನೇ ಬಿಟ್ಟರೆ 200 ಕಿ.ಮೀ. ಬ್ರೆವೆಯಲ್ಲಿ ಮೀಟರ್ ಮೂರು ಕಿಲೋಮೀಟರಿನಷ್ಟು ಕಡಿಮೆ ತೋರಿಸುತ್ತದೆ. ದೂರ ನೋಡಿಕೊಂಡು ತಿರುವು ಹುಡುಕುವವರು ದಾರಿ ತಪ್ಪಲು ಅಷ್ಟು ಸಾಕು.